ಗಂಟಲೊಳಗಿನ ಮೀಟರು

ನನ್ನ ಗಂಟಲು ಕೆಟ್ಟಿದೆ ಎಂದು ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ನಮ್ಮವ್ವ. ಅವರೆಕಾಯಿಯ ಕಾಲ. ಮಧ್ಯಾಹ್ನ ಹಿತಕಬೇಳೆ ಸಾರು, ಮುದ್ದೆ. ಎದುರಿಗೆ ಕೂತಿದ್ದ ಅವಳು ತನ್ನ ತಟ್ಟೆ ಬಿಟ್ಟು ನನ್ನ ದವಡೆಯನ್ನೇ ನೋಡುತ್ತಿದ್ದಳು.

"ಯಾಕ್ಲಾ ಮಗ, ಹಿಟ್ಟು ಅಗೀತಿದ್ದೀಯಾ?" ಅಂದಳು. ನಮ್ಮ ಮನೆಯಲ್ಲಿ ಮುದ್ದೆಗೆ ಹಿಟ್ಟು ಎಂದೇ ಹೇಳುವುದು.

"ಇಲ್ಲ ಕಣವ್ವ."

"ಇಲ್ಲ ಅಂದ್ರೆ? ನಂಗೇನ್ ಕಣ್ಣಿಲ್ವಾ? ಎಮ್ಮೆ ಮೆಲುಕು ಹಾಕ್ದಂಗೆ ಅಗೀತಾವ್ನೆ."

ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಬಿಸಿ ಮುದ್ದೆಯಿಂದ ಒಂದು ತುತ್ತು ಮುರಿದು, ಬೆರಳಲ್ಲೇ ದುಂಡಗೆ ಮಾಡಿ, ಸಾರಿನಲ್ಲಿ ಹೊರಳಿಸಿ ಬಾಯಿಗೆ ಹಾಕಿಕೊಂಡರೆ ಅದು ಹಲ್ಲಿಗೆ ತಾಗದೆ ಸೀದಾ ಇಳಿಯಬೇಕು. ಅಗಿದರೆ ಹಲ್ಲಿಗೆಲ್ಲ ಅಂಟಿಕೊಂಡು ಮಣ್ಣು ತಿಂದಂತಾಗುತ್ತದೆ. ಮಕ್ಕಳಿಗೆ ಹಾಲು ಬಿಡಿಸಿದ ಮೇಲೆ ಕಲಿಸುವ ಮೊದಲ ವಿದ್ಯೆ ಇದು. ಪೇಟೆಯ ಬೀಗರು ಬಂದು ಮುದ್ದೆ ಅಗಿಯತೊಡಗಿದರೆ ನಮ್ಮ ಹೆಂಗಸರು ಅಡುಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. ನಾನೂ ನಕ್ಕವನೇ. ಅಂಥವನು ತಿಂಗಳುಗಟ್ಟಲೆ ಯಾರಿಗೂ ಕಾಣದ ಹಾಗೆ ಅಗಿಯುತ್ತಿದ್ದೆ. ನುಂಗಿದ ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು. ನೀರು ಕುಡಿದು ತಳ್ಳಲು ಹೋದರೆ ನೀರು ಮೂಗಿಗೆ ಬರುತ್ತಿತ್ತು.

ಅದಕ್ಕೆ ಕೆಲವು ವರ್ಷ ಮೊದಲು ನನ್ನ ನಾಲಗೆಯ ಬುಡದಲ್ಲಿ ಕ್ಯಾನ್ಸರ್ ಗೆಡ್ಡೆ ಎದ್ದಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕರೆಂಟ್ ಕೊಟ್ಟರು. ರೇಡಿಯೇಶನ್‌ಗೆ ಊರಲ್ಲಿ ಎಲ್ಲರೂ ಹೇಳುವುದು ಹಾಗೆಯೇ. ಕತ್ತು ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿತು, ಬಾಯಲ್ಲಿ ಉಗುಳು ಒಣಗಿತು, ಆದರೆ ಗೆಡ್ಡೆ ಕರಗಿಹೋಯಿತು. ನಾನು ಬದುಕಿ ಬಂದು ಮತ್ತೆ ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ಹೋಗತೊಡಗಿದೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಅದು. ಅಲ್ಲಿ ನಾನು ಬಾಯ್ಲರ್ ನೋಡಿಕೊಳ್ಳುತ್ತಿದ್ದೆ. ತೂಬಗೆರೆಯ ಪಕ್ಕದ ನಮ್ಮೂರಿನಿಂದ ಬೈಕಿನಲ್ಲಿ ಹೋಗಿ ಬೆಳಗಿನ ಶಿಫ್ಟ್ ಮುಗಿಸಿ, ಮಧ್ಯಾಹ್ನ ಮನೆಗೆ ಬಂದು ಮುದ್ದೆ ಉಂಡು ತೋಟಕ್ಕೆ ಹೋದರೆ ನನ್ನ ದಿನ ಮುಗಿಯಿತು. ಇದಕ್ಕಿಂತ ಹೆಚ್ಚಿನದನ್ನು ನಾನು ದೇವರ ಹತ್ತಿರ ಯಾವತ್ತೂ ಕೇಳಿದವನಲ್ಲ.

ಅವ್ವ ಬೈದು ಕಳಿಸಿದ ಮೇಲೆ ಹೆಂಡತಿಯ ಜೊತೆ ಅದೇ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡಿದರು.

"ಕ್ಯಾನ್ಸರ್ ವಾಪಸ್ ಬಂದಿಲ್ಲ. ಅವತ್ತು ಕೊಟ್ಟ ಕರೆಂಟು ಇವತ್ತು ಕೆಲಸ ತೋರಿಸ್ತಾ ಇದೆ. ನುಂಗೋ ಸ್ನಾಯುಗಳು ಗಟ್ಟಿಯಾಗ್ತಾ ಇವೆ" ಅಂದರು.

"ಯಾವಾಗ ಸರಿ ಹೋಗುತ್ತೆ ಡಾಕ್ಟ್ರೇ?"

ಅವರು ನನ್ನ ಫೈಲು ಮುಚ್ಚಿದರು. ಒಂದು ಸಂಶೋಧನೆ ನಡೆಯುತ್ತಿದೆ, ಒಪ್ಪಿದರೆ ನನ್ನನ್ನೂ ಸೇರಿಸಿಕೊಳ್ಳುತ್ತೇವೆ ಅಂದರು. ಮೇಜಿನ ಮೇಲೆ ಒಂದು ಚಿಕ್ಕ ಡಬ್ಬಿ ಇಟ್ಟರು. ಬೆಂಕಿಪೊಟ್ಟಣದ ಅರ್ಧದಷ್ಟಿತ್ತು. ಅದನ್ನು ಕತ್ತಿನ ಕೆಳಗೆ, ಎದೆಯ ಎಲುಬಿನ ಹತ್ತಿರ ಚರ್ಮದೊಳಗೆ ಇಡುತ್ತಾರೆ. ಅದರಿಂದ ದಾರದಂಥ ಎರಡು ತಂತಿ ಮೇಲಕ್ಕೆ ಹೋಗಿ ಗದ್ದದ ಕೆಳಗಿನ ಸ್ನಾಯುಗಳಲ್ಲಿ ಕೂರುತ್ತವೆ. ಸ್ನಾಯು ಎಳೆದಾಗಲೆಲ್ಲ ಎಷ್ಟು ಜೋರಾಗಿ ಎಳೆಯಿತು ಎಂದು ಡಬ್ಬಿ ದಾಖಲಿಸಿಕೊಳ್ಳುತ್ತದೆ, ಹಗಲೂ ರಾತ್ರಿ, ಬ್ಯಾಟರಿ ಇರುವಷ್ಟು ಕಾಲ. ಜೇಬಿನಲ್ಲಿ ಇಟ್ಟುಕೊಳ್ಳಲು ಒಂದು ಬಟನ್ ಬೇರೆ. ಊಟಕ್ಕೆ ಕೂತಾಗ ಅದನ್ನು ಒತ್ತಿದರೆ, ಇದು ಊಟ ಎಂದು ಡಬ್ಬಿಗೆ ಗೊತ್ತಾಗುತ್ತದೆ.

"ಆಸ್ಪತ್ರೇಲಿ ಒಂದು ಗಂಟೆ ನೋಡಿದ್ರೆ ನಮಗೆ ಏನೂ ತಿಳಿಯಲ್ಲ. ಮನೇಲಿ ಹೇಗೆ ನುಂಗ್ತೀರಾ, ತಿಂಗಳು ತಿಂಗಳಿಗೆ ಎಷ್ಟು ಕಮ್ಮಿಯಾಗುತ್ತೆ, ಅದು ಬೇಕು. ಆದ್ರೆ ಒಂದು ಮಾತು, ಇದು ಔಷಧಿ ಅಲ್ಲ. ಇದರಿಂದ ವಾಸಿ ಆಗಲ್ಲ" ಅಂದರು.

ನನಗೆ ಅರ್ಥವಾಗದ ಮಾತೇನಲ್ಲ. ಜೀವಮಾನವೆಲ್ಲ ಬಾಯ್ಲರಿನ ಮೀಟರು ನೋಡಿದವನು ನಾನು. ಮೀಟರು ಒತ್ತಡ ಎಷ್ಟಿದೆ ಎಂದು ಹೇಳುತ್ತದೆ, ಬೆಂಕಿ ಕಮ್ಮಿ ಮಾಡುವುದಿಲ್ಲ. ಗೊತ್ತಿದ್ದೂ ಒಪ್ಪಿದೆ. ಇಷ್ಟು ಕಷ್ಟಪಟ್ಟು ಒಳಗೆ ಇಡುವ ವಸ್ತು ಸುಮ್ಮನೆ ಕೂರುತ್ತದೆಯೇ, ಏನಾದರೂ ಒಳ್ಳೆಯದು ಮಾಡೇ ಮಾಡುತ್ತದೆ ಎಂದು ಮನಸ್ಸಿನ ಯಾವುದೋ ಮೂಲೆ ಹೇಳುತ್ತಿತ್ತು.

ಡಬ್ಬಿ ಇಡಿಸಿಕೊಂಡು ಊರಿಗೆ ಬಂದರೆ ಆ ಮೂಲೆಯ ಮಾತೇ ಎಲ್ಲರ ಬಾಯಲ್ಲೂ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡ ನೆಂಟರೊಬ್ಬರಿದ್ದರು. ಅಂಥದ್ದೇ ಈಗ ಗಂಟಲಿಗೂ ಬಂದಿದೆಯಂತೆ ಎಂದು ಸುದ್ದಿ ದೊಡ್ಡಬೆಳವಂಗಲದ ಬೀಗರ ಮನೆಯವರೆಗೂ ಹೋಯಿತು. ನೋಡಲು ಬಂದವರು ನನ್ನ ಕತ್ತಿನ ಹೊಲಿಗೆಯನ್ನು ಹೊಸ ಟ್ರ್ಯಾಕ್ಟರ್ ನೋಡಿದಂತೆ ನೋಡಿ, "ಬಿಡು ಗುರು, ಇನ್ನೇನ್ ಯೋಚ್ನೆ" ಎಂದು ಬೆನ್ನು ತಟ್ಟಿ ಕಾಫಿ ಕುಡಿದು ಹೋದರು. ನನಗೆ ಮೈ ಉರಿಯುತ್ತಿತ್ತು. ಸರಿಯಾದ ಪ್ರಶ್ನೆ ಕೇಳಿದವಳು ಅವ್ವ ಒಬ್ಬಳೇ.

"ಅದು ಹಿಟ್ಟನ್ನ ಕೆಳೀಕೆ ನೂಕುತ್ತೇನ್ಲಾ?"

"ಇಲ್ಲವ್ವ. ನೋಡ್ಕಂಡಿರುತ್ತೆ ಅಷ್ಟೇ."

"ಬರೀ ನೋಡಕ್ಕೆ ಕತ್ತು ಕುಯ್ಸ್ಕಂಡ್ಯಾ?"

ನಾನು ಅಂಗಿಯ ಗುಂಡಿ ಹಾಕಿಕೊಂಡು ತೋಟಕ್ಕೆ ಹೋದೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಜ್ವರ ಬಂತು. ತಿಂದದ್ದು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದಿತ್ತು. ಉಸಿರು ಎಳೆದರೆ ಎದೆಯೊಳಗೆ ಗೊರಗೊರ ಸದ್ದು. ಆಸ್ಪತ್ರೆಯಲ್ಲಿ ಮಲಗಿ ಎದ್ದು ಬರುವಾಗ ಹೊಟ್ಟೆಯ ಮೇಲೆ ಒಂದು ತೂತು, ಅದರಲ್ಲಿ ಒಂದು ನಳಿಕೆ. ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದರು.

"ಮೂರು ತಿಂಗಳು ಬಾಯಿಗೆ ಏನೂ ಹಾಕೋ ಹಾಗಿಲ್ಲ. ನೀರೂ ಇಲ್ಲ. ನಾನು ಹೇಳಿಕೊಟ್ಟ ವ್ಯಾಯಾಮ ಮಾಡಿ. ಸ್ನಾಯುಗೆ ಬಲ ಬರ್ತಾ ಇದೆ ಅಂತ ಡಬ್ಬೀಲಿ ಕಂಡ್ರೆ, ಒಂದು ಎಕ್ಸ್‌ರೇ ತೆಗೆದು ನೋಡಿ, ನಳಿಕೆ ತೆಗೆಯೋ ಮಾತಾಡೋಣ."

ಅಂದಿನಿಂದ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ. ನಳಿಕೆ ಹೋಗಬೇಕು, ನಾನು ಬಾಯಲ್ಲಿ ಮುದ್ದೆ ಉಣ್ಣಬೇಕು. ಹೆಂಡತಿ ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ದೊಡ್ಡ ಸಿರಿಂಜಿನಲ್ಲಿ ತುಂಬಿ, ನಳಿಕೆಗೆ ಹುಯ್ಯುತ್ತಿದ್ದಳು. ಅದೇ ರಾಗಿ, ನಮ್ಮ ಹೊಲದ್ದೇ. ಹೊಟ್ಟೆ ಬೆಚ್ಚಗಾಗುತ್ತಿತ್ತು, ತುಂಬುತ್ತಿತ್ತು. ಆದರೆ ಬಾಯಿಗೆ ಅದರ ಸುಳಿವೇ ಇರುತ್ತಿರಲಿಲ್ಲ. ಉಂಡೆ ಅನ್ನಿಸುತ್ತಿರಲಿಲ್ಲ. ಯಾರದೋ ಹೊಟ್ಟೆಗೆ ಯಾರೋ ಹುಯ್ಯುತ್ತಿದ್ದಾರೆ ಅನ್ನಿಸುತ್ತಿತ್ತು.

ಹಾಗಂತ ಊಟದ ಹೊತ್ತಿನಲ್ಲಿ ನಾನು ಎದ್ದು ಹೋಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು ಅಪ್ಪನ ಕಾಲದಿಂದ ಬಂದದ್ದು. ಅವ್ವ, ಹೆಂಡತಿ ಇಬ್ಬರೂ ಮೊದಮೊದಲು ಹಿಂಜರಿದರು. ನನ್ನೆದುರು ತುತ್ತೆತ್ತಲು ಅವ್ವನ ಕೈ ಬರುತ್ತಿರಲಿಲ್ಲ. ನಾನೇ ರೇಗಿದೆ. ನಾನಿನ್ನೂ ಸತ್ತಿಲ್ಲ, ತಿಥಿ ಊಟಕ್ಕೆ ಕೂತಂಗೆ ಕೂರಬೇಡಿ ಅಂದೆ. ಆಮೇಲೆ ಅವರು ಮೊದಲಿನಂತೆ ಉಂಡರು, ನಾನು ಗೋಡೆಗೊರಗಿ ನೋಡುತ್ತಾ ಕೂತೆ. ಸಾರಿನ ಒಗ್ಗರಣೆ ಮೂಗಿಗೆ ಬಡಿಯುತ್ತಿತ್ತು. ಅದನ್ನು ಯಾರೂ ತಡೆಯುವ ಹಾಗಿರಲಿಲ್ಲ.

ಡಬ್ಬಿಯ ಲೆಕ್ಕ ನೋಡುವ ದಿನ ಬಂತು. ಆಸ್ಪತ್ರೆಯಲ್ಲಿ ಈ ಕೆಲಸಕ್ಕೆಂದೇ ಒಬ್ಬ ಹುಡುಗಿ ಇದ್ದಳು. ನನ್ನ ಎದೆಯ ಮೇಲೆ ಬಿಲ್ಲೆಯಂಥದ್ದೊಂದನ್ನು ಇಟ್ಟು ಕಂಪ್ಯೂಟರ್ ನೋಡತೊಡಗಿದಳು. ಪರದೆಯ ಮೇಲೆ ಗೆರೆಗಳು ಓಡಿದವು. ಅಲ್ಲೊಂದು ಇಲ್ಲೊಂದು ಸಣ್ಣ ಉಬ್ಬು, ಅದು ಉಗುಳು ನುಂಗಿದ್ದು. ಬಾಯೂಟ ನಿಂತ ಮೇಲೆ ವ್ಯಾಯಾಮಕ್ಕೆ ಬಟನ್ ಒತ್ತುತ್ತಿದ್ದೆ, ಅದೂ ಕಂಡಿತು. ಆಮೇಲೆ ಅವಳು ಒಂದು ಕಡೆ ಬೆರಳಿಟ್ಟಳು.

"ಸರ್, ಇಲ್ಲಿ ನೋಡಿ. ದಿನಾ ಮಧ್ಯಾಹ್ನ, ದಿನಾ ಸಂಜೆ ಮೇಲೆ. ಬಟನ್ ಒತ್ತಿಲ್ಲ. ಆದ್ರೆ ಒಂದರ ಹಿಂದೆ ಒಂದು, ಎಷ್ಟು ಜೋರಾಗಿದೆ ನೋಡಿ. ಇದು ಉಗುಳಲ್ಲ ಸರ್. ಇದು ಊಟ."

"ಊಟ ಅಲ್ಲಮ್ಮ. ನಾನು ಬಾಯಿಗೆ ಏನೂ ಹಾಕಿಲ್ಲ."

ಅವಳು ಡಾಕ್ಟರಮ್ಮನನ್ನು ಕರೆದಳು. ಅವರು ಗೆರೆಗಳನ್ನು ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ.

"ಕದ್ದು ತಿನ್ನೋರು ನೀವೊಬ್ಬರೇ ಅಲ್ಲ. ಆಸೆ ಆಗುತ್ತೆ, ನನಗೆ ಗೊತ್ತು. ಆದ್ರೆ ಹೀಗಾದ್ರೆ ನಾನು ಯಾವ ಧೈರ್ಯದ ಮೇಲೆ ನಳಿಕೆ ತೆಗೆಯೋ ಮಾತಾಡ್ಲಿ? ಇನ್ನೊಂದು ಸಲ ಶ್ವಾಸಕೋಶಕ್ಕೆ ಇಳಿದ್ರೆ ಉಳಿಸೋದು ಕಷ್ಟ."

ನಾನು ಪಕ್ಕಕ್ಕೆ ತಿರುಗಿದೆ. ಹೆಂಡತಿ ನೆಲ ನೋಡುತ್ತಿದ್ದಳು. ಅವಳು ನನ್ನನ್ನು ನಂಬಿಲ್ಲ ಎಂದು ಗೊತ್ತಾಯಿತು. ತಪ್ಪು ಅವಳದಲ್ಲ. ಮೀಟರು ಒಂದು ಹೇಳಿ ಮನುಷ್ಯ ಒಂದು ಹೇಳಿದರೆ ನಾನಾದರೂ ನಂಬುತ್ತಿದ್ದದ್ದು ಮೀಟರನ್ನೇ.

ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಮನೆ ಸೇರಿ ಚಪ್ಪಲಿ ಬಿಟ್ಟವಳೇ ಸೀದಾ ಅಡುಗೆಮನೆಗೆ ಹೋದಳು. ಅವ್ವ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು.

"ಅತ್ತೆ, ನಾನು ತೋಟಕ್ಕೆ, ಹಾಲು ಹಾಕಕ್ಕೆ ಡೈರಿಗೆ ಹೋದಾಗ ಇವ್ರಿಗೆ ಬಾಯಿಗೆ ಏನಾದ್ರೂ ಇಕ್ತಿದ್ರಾ?"

"ಏನಂದೆ?"

"ಆಸ್ಪತ್ರೇಲಿ ಎಲ್ಲಾ ಗೊತ್ತಾಯ್ತು ಅತ್ತೆ. ಮಿಷನ್ನು ಸುಳ್ಳು ಹೇಳಲ್ಲ. ಕರುಳು ತಡೀದೆ ಕೊಟ್ಟಿರ್ತೀರಾ. ಆದ್ರೆ ಅದು ಅವ್ರನ್ನ ಸಾಯ್ಸುತ್ತೆ."

ಅವ್ವ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಎದ್ದು ನಿಂತಳು. ಎಂಬತ್ತರ ಮುದುಕಿ. "ಈ ಒಲೆ ಮುಟ್ಟಿ ಹೇಳ್ತೀನಿ, ನನ್ ಮಗುಂಗೆ ಒಂದ್ ತುತ್ತೂ ಇಕ್ಕಿಲ್ಲ ಕಣಮ್ಮಿ" ಅಂದಳು. ನಾನು ಬಾಗಿಲಲ್ಲಿ ನಿಂತು, ಅವ್ವ ಕೊಟ್ಟಿಲ್ಲ ಕಣೆ, ನಾನು ತಿಂದೂ ಇಲ್ಲ ಎಂದು ಕೂಗಿದೆ. ಕೂಗಿದೆ ಎಂದರೆ ಕೂಗಲು ಹೋದೆ ಅಷ್ಟೇ, ಕರೆಂಟ್ ಕೊಟ್ಟ ಮೇಲೆ ದನಿ ಏರಿಸಿದರೆ ಹೊರಗೆ ಬರುತ್ತಿದ್ದದ್ದು ಬರೀ ಗಾಳಿ. ಹೆಂಡತಿ ಅಳುತ್ತಾ ಹಿತ್ತಲಿಗೆ ಹೋದಳು.

ಮಾರನೆಯ ದಿನದಿಂದ ಅವ್ವ ತಟ್ಟೆ ಎತ್ತಿಕೊಂಡು ದನದ ಕೊಟ್ಟಿಗೆಗೆ ಹೋಗಿ ಉಣ್ಣತೊಡಗಿದಳು. ಹೆಂಡತಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಎರಡು ತುತ್ತು ನುಂಗಿ ಬರುತ್ತಿದ್ದಳು. ಮನೆಯಲ್ಲಿ ಊಟ ಎನ್ನುವುದು ಕಳ್ಳತನದ ಕೆಲಸವಾಯಿತು. ಅತ್ತೆ ಸೊಸೆ ಮಾತು ಬಿಟ್ಟರು. ನಾನು ನಡುಮನೆಯಲ್ಲಿ ಒಬ್ಬನೇ ಸಿರಿಂಜ್ ಹಿಡಿದು ಕೂರುತ್ತಿದ್ದೆ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಗೆರೆಗಳು ಮಲಗಿದ್ದವು. ಮಧ್ಯಾಹ್ನವೂ ಇಲ್ಲ, ಸಂಜೆಯೂ ಇಲ್ಲ. ಹುಡುಗಿಗೆ ಖುಷಿ.

"ನೋಡಿ ಸರ್, ನಿಲ್ಸಿದೀರಾ. ಗುಡ್" ಅಂದಳು.

ಹೆಂಡತಿ ನಿಟ್ಟುಸಿರು ಬಿಟ್ಟಳು. ಅವಳ ಲೆಕ್ಕದಲ್ಲಿ ಅವ್ವನ ತಪ್ಪು ಸಾಬೀತಾಯಿತು. ನನಗಂತೂ ತಲೆ ಕೆಟ್ಟು ಹೋಯಿತು. ಅವ್ವ ಕೊಟ್ಟಿಲ್ಲ ಎಂದು ಗೊತ್ತಿರುವವನು ಲೋಕದಲ್ಲಿ ನಾನೊಬ್ಬನೇ. ನನ್ನೊಳಗೇ ಕೂತಿರುವ ಡಬ್ಬಿ ನನ್ನ ತಾಯಿಯ ಮೇಲೆ ಸಾಕ್ಷಿ ಹೇಳುತ್ತಿತ್ತು. ಕಿತ್ತು ಎಸೆಯಬೇಕು ಎನ್ನುವಷ್ಟು ಸಿಟ್ಟು ಬಂತು.

ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಕೊಟ್ಟಿಗೆಯಲ್ಲಿ ಕರು ಹಗ್ಗಕ್ಕೆ ಸಿಕ್ಕಿಕೊಂಡು ಅರಚುತ್ತಿತ್ತು. ಬಿಡಿಸಲು ಹೋದೆ. ಗೋಡೆ ಪಕ್ಕ ಮಣೆ ಹಾಕಿಕೊಂಡು ಅವ್ವ ಉಣ್ಣುತ್ತಿದ್ದಳು. ಸೊಪ್ಪಿನ ಬಸ್ಸಾರು. ನನ್ನನ್ನು ಕಂಡು ತಟ್ಟೆಗೆ ಸೆರಗು ಅಡ್ಡ ಹಿಡಿದಳು.

"ಉಣ್ಣವ್ವ" ಎಂದು ಕರುವಿನ ಹಗ್ಗ ಬಿಡಿಸಿ, ಅಲ್ಲೇ ಕಲ್ಲಿನ ಮೇಲೆ ಕೂತೆ.

ಅವಳು ಸೆರಗು ಸರಿಸಿ ತುತ್ತು ಮುರಿದಳು. ದುಂಡಗೆ ಮಾಡಿದಳು, ಸಾರಿನಲ್ಲಿ ಹೊರಳಿಸಿದಳು, ಬಾಯಿಗೆ ಹಾಕಿಕೊಂಡಳು. ಅವಳ ಗಂಟಲು ಮೇಲೆದ್ದು ಇಳಿಯಿತು. ಅದೇ ಹೊತ್ತಿಗೆ ನನ್ನ ಗಂಟಲೂ ಎದ್ದಿತು.

ನಾನು ಎಬ್ಬಿಸಲಿಲ್ಲ. ತಾನೇ ಎದ್ದಿತು. ಬಾಯಲ್ಲಿ ಒಂದು ಹನಿ ಉಗುಳೂ ಇರಲಿಲ್ಲ. ಕೈ ಕತ್ತಿಗೆ ಹೋಯಿತು. ಅವಳು ಎರಡನೆಯ ತುತ್ತು ನುಂಗಿದಳು, ನನ್ನ ಬೆರಳಿನ ಕೆಳಗೆ ಗಂಟಲು ಮತ್ತೆ ಎದ್ದು ಇಳಿಯಿತು. ಮೂರನೆಯದಕ್ಕೂ ಹಾಗೆಯೇ. ವ್ಯಾಯಾಮದಲ್ಲಿ ಹಲ್ಲು ಕಚ್ಚಿ ಎಳೆದರೂ ಬಾರದ ಜೋರು ಅದರಲ್ಲಿತ್ತು.

ಹೆಂಡತಿಯನ್ನು ಕರೆದೆ. ದನಿ ಹೊರಡದೆ ಗೋಡೆ ಬಡಿದೆ. ಏನಾಯಿತೋ ಎಂದು ಓಡಿ ಬಂದವಳ ಕೈ ಹಿಡಿದು ನನ್ನ ಗಂಟಲ ಮೇಲೆ ಇಟ್ಟುಕೊಂಡೆ.

"ಉಣ್ಣವ್ವ. ನಿಲ್ಲಿಸ್ಬೇಡ" ಅಂದೆ.

ಅವ್ವನಿಗೆ ಏನೂ ಅರ್ಥವಾಗಿರಲಿಲ್ಲ. ಮಗನಿಗೆ ಬುದ್ಧಿ ಸ್ವಾಧೀನ ತಪ್ಪಿತು ಅಂದುಕೊಂಡಿರಬೇಕು. ಆದರೂ ಉಂಡಳು. ಒಂದು ತುತ್ತು, ಇನ್ನೊಂದು. ಹೆಂಡತಿಯ ಬೆರಳು ನನ್ನ ಕತ್ತಿನ ಮೇಲೆ ನಿಂತೇ ಇತ್ತು. ಅವಳ ಮುಖ ನಿಧಾನಕ್ಕೆ ಬಿಳುಚಿಕೊಂಡಿತು. ಕೈ ತೆಗೆದು ಸೀದಾ ಅವ್ವನ ಕಾಲ ಹತ್ತಿರ ಕೂತಳು.

"ಅತ್ತೆ, ತಪ್ಪಾಯ್ತು. ಇವ್ರು ಬಾಯಿಗೇನೂ ಇಕ್ಕಂಡಿಲ್ಲ. ನೀವು ನುಂಗಿದ್ರೆ ಇವ್ರ ಗಂಟ್ಲೂ ನುಂಗುತ್ತೆ."

ಅವ್ವ ನನ್ನ ಕತ್ತನ್ನೇ ನೋಡುತ್ತಿದ್ದಳು. ಅವಳ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. "ಅಯ್ಯೋ ನನ್ ಕಂದ, ಇಷ್ಟ್ ದಿನ ನನ್ ತಟ್ಟೇಲೇ ಉಣ್ತಿದ್ಯಾ" ಎಂದು ಅಲ್ಲಿಯೇ ಅಳತೊಡಗಿದಳು. ನಾನೂ ಅತ್ತುಬಿಟ್ಟೆ. ಕಾರ್ಖಾನೆಯವರು ನನ್ನನ್ನು ಕಲ್ಲೆದೆಯವನು ಅನ್ನುತ್ತಿದ್ದರು.

ಅವತ್ತಿನಿಂದ ಎಲ್ಲರೂ ಮತ್ತೆ ನಡುಮನೆಯಲ್ಲಿ ಕೂತೆವು. ನನಗೆ ಆಸೆ ಹುಚ್ಚಾಗಿ ಬೆಳೆಯಿತು. ಇಷ್ಟು ಬಲವಿರುವ ಗಂಟಲಿಗೆ ನಳಿಕೆ ಯಾಕೆ? ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಅವರು ನಂಬಿದರು. ಅವರೆದುರೇ ಹೆಂಡತಿ ಬಾಳೆಹಣ್ಣು ನುಂಗಿದಳು, ಪರದೆಯ ಮೇಲೆ ನನ್ನ ಗೆರೆ ಎದ್ದಿತು. ಹುಡುಗಿ ನನ್ನ ಮುಖ ನೋಡಲಾರದೆ ಸಾರಿ ಸರ್ ಅಂದಳು. ಡಾಕ್ಟರಮ್ಮ ಎಕ್ಸ್‌ರೇಗೆ ಒಪ್ಪಿದರು. ಎಕ್ಸ್‌ರೇಯಲ್ಲಿ ದಾರಿ ಕಾಣಲೆಂದು ಬಿಳಿ ಪುಡಿ ಕಲಸಿದ ಗಂಜಿಯ ಒಂದು ಚಮಚ ಬಾಯಿಗೆ ಕೊಟ್ಟರು. ಎಷ್ಟೋ ತಿಂಗಳ ಮೇಲೆ ನಾಲಗೆಗೆ ಸಿಕ್ಕ ಮೊದಲ ಪದಾರ್ಥ. ಸುಣ್ಣದ ರುಚಿ. ನನಗೆ ಅದೇ ಅಮೃತ. ನನ್ನಲ್ಲಿದ್ದ ಬಲವನ್ನೆಲ್ಲ ಹಾಕಿ ನುಂಗಿದೆ.

ಪರದೆಯ ಮೇಲೆ ನಾನೇ ನೋಡಿದೆ. ಗಂಟಲು ಚೆನ್ನಾಗಿಯೇ ಎದ್ದಿತು. ಆದರೆ ಅದರ ಕೆಳಗಿನ ದಾರಿ ತೆರೆಯಲಿಲ್ಲ. ಬಿಳಿ ಗೆರೆ ಅಲ್ಲಿ ಒಂದು ಕ್ಷಣ ತಡೆದು ನಿಂತು, ಆಮೇಲೆ ಗಾಳಿಯ ಕೊಳವೆಗೆ ಇಳಿಯಿತು. ನನಗೆ ಕೆಮ್ಮು ಕೂಡ ಬರಲಿಲ್ಲ.

"ಸ್ನಾಯು ಎಳೀತಾ ಇದೆ. ಬಾಗಿಲು ಮುಚ್ಚಿಹೋಗಿದೆ. ನಳಿಕೆ ಇರಲೇಬೇಕು, ಇನ್ನು ಯಾವಾಗಲೂ" ಅಂದರು ಡಾಕ್ಟರಮ್ಮ. ಪರದೆ ಆರಿಸಿ, "ಆ ಎಳೆತವೂ ಹೀಗೇ ಉಳಿಯುತ್ತೆ ಅಂತ ನಾನು ಹೇಳಲ್ಲ. ದಿನ ಕಳೆದ ಹಾಗೆ ಕಮ್ಮಿಯಾಗುತ್ತೆ. ಅದು ಎಷ್ಟು ಬೇಗ ಅನ್ನೋದನ್ನೇ ಡಬ್ಬಿ ನೋಡ್ತಾ ಇರೋದು" ಅಂದರು. ಎದ್ದು ಬರುವಾಗ ನನ್ನ ಭುಜದ ಮೇಲೆ ಕೈ ಇಟ್ಟರು. ಅಷ್ಟು ವರ್ಷದಲ್ಲಿ ಅವರು ಹಾಗೆ ಮಾಡಿದ್ದು ಅದೊಂದೇ ಸಲ.

ಅದಾಗಿ ಈಗ ಎರಡನೆಯ ಅವರೆಕಾಯಿ ಕಾಲ. ಕೆಲಸ ಬಿಟ್ಟಿದ್ದೇನೆ. ಡಬ್ಬಿ ಇನ್ನೂ ಎದೆಯಲ್ಲಿದೆ, ಬ್ಯಾಟರಿ ಮುಗಿದಿಲ್ಲ. ಹೋದಾಗಲೆಲ್ಲ ಹುಡುಗಿ ಗೆರೆ ತೋರಿಸುತ್ತಾಳೆ. ಮೊದಲು ಗೇಣುದ್ದ ಏಳುತ್ತಿದ್ದವು ಈಗ ಬೆರಳಿನ ಗೆಣ್ಣಿನಷ್ಟು ಏಳುತ್ತವೆ. ಅವಳು ಮೊದಲಿನಂತೆ ಹರಟುವುದಿಲ್ಲ. ನಾನೂ ಕೇಳುವುದಿಲ್ಲ.

ಅವ್ವನಿಗೆ ಇದ್ಯಾವುದನ್ನೂ ಹೇಳಿಲ್ಲ. ಅವಳು ಮಧ್ಯಾಹ್ನ ನನ್ನೆದುರಿಗೇ ತಟ್ಟೆ ಇಟ್ಟುಕೊಂಡು ಕೂರುತ್ತಾಳೆ. ಅವಳಿಗೂ ಈಗ ಮೊದಲಿನಂತೆ ಊಟ ಸೇರುವುದಿಲ್ಲ. ಅರ್ಧ ಮುದ್ದೆ ಉಣ್ಣಬೇಕಾದವಳು ನನ್ನ ಸಲುವಾಗಿ ಒಂದಿಡೀ ಮುದ್ದೆ ಇಕ್ಕಿಸಿಕೊಳ್ಳುತ್ತಾಳೆ. ಹೆಂಡತಿ ಬೇಡ ಅತ್ತೆ ಅಂದರೆ, "ಇಬ್ರಿಗೆ ಸಾಕಾಗ್ಬೇಡ್ವಾ" ಎಂದು ಗದರುತ್ತಾಳೆ. ಒಂದೊಂದು ತುತ್ತಿಗೂ ತಲೆಯೆತ್ತಿ ನನ್ನ ಕತ್ತು ನೋಡುತ್ತಾಳೆ. ಕಣ್ಣು ಮಂಜಾಗಿದೆ, ಪೊರೆ ಬಂದಿದೆ, ಎದ್ದದ್ದು ಇಳಿದದ್ದು ಅವಳಿಗೆ ಕಾಣುವುದಿಲ್ಲ. ಅದಕ್ಕೇ ಕೇಳುತ್ತಾಳೆ.

ನಿನ್ನೆ ಹಿತಕಬೇಳೆ ಸಾರು ಮಾಡಿದ್ದರು. ಅವಳು ಮೊದಲ ತುತ್ತು ಹೊರಳಿಸಿ ನುಂಗಿದಳು. ನಾನು ಕತ್ತಿಗೆ ಬೆರಳಿಟ್ಟುಕೊಂಡು ಕಾದೆ. ಏನೂ ಏಳಲಿಲ್ಲ. ಎರಡನೆಯದಕ್ಕೂ ಇಲ್ಲ.

"ಬಂತೇನ್ಲಾ ಮಗ?"

"ಬಂತು ಕಣವ್ವ."

"ಬೇಳೆ ಬೆಂದೈತಾ?"

"ಚೆನ್ನಾಗ್ ಬೆಂದೈತೆ" ಅಂದೆ. ಮುಂದಿನ ಸಲ ಹುಡುಗಿ ಎದೆಯ ಮೇಲೆ ಬಿಲ್ಲೆ ಇಟ್ಟಾಗ ಡಬ್ಬಿ ಅವಳಿಗೆ ನಿಜ ಹೇಳುತ್ತದೆ. ಅವ್ವ ಇನ್ನೊಂದು ತುತ್ತು ಮುರಿದು ದುಂಡಗೆ ಮಾಡುತ್ತಿದ್ದಳು.